ಚೀಟಿ ಬರೆದು ಕೆಟ್ಟೆ

ಚೀಟಿಯಿಲ್ಲದೆ ತಿಂಗಳ ಸಾಮಾನಿಗೆ ಹೊರಡುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ನನ್ನ ಚೀಟಿಯಲ್ಲಿ ಬೇಳೆಗಳದ್ದೇ ಒಂದು ಭಾಗ, ಸೋಪು-ಪೇಸ್ಟಿನದ್ದು ಇನ್ನೊಂದು. ಕೊನೆಗೆ ಕೆಂಪು ಶಾಯಿಯಲ್ಲಿ ಬಜೆಟ್ಟು.

"ರೀ, ಅಕ್ಷರ ಚೆನ್ನಾಗಿದೆ. ಇದಕ್ಕೆ ಫ್ರೇಮು ಹಾಕ್ಸಿ, ಅಂಗಡಿಗೆ ನಾನು ಹೋಗಿಬರ್ತೀನಿ" ಅನ್ನುತ್ತಾಳೆ ಹೆಂಡತಿ. ಸ್ವಾಭಿಮಾನ ಕೇಳಬೇಕಲ್ಲ! ಚೀಲ ಹಿಡಿದು ನಾನೇ ಹೊರಡುತ್ತೇನೆ.

ಹಿಂದೆ ಶೆಟ್ಟರ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಹುಡುಗ ಸಾಮಾನು ಕಟ್ಟಿಕೊಡುತ್ತಿದ್ದ. ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ಕೊಡುತ್ತಾರೆ. 1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ ಹುಟ್ಟಿಸಿದ್ದು ಅದು. ಕೈಬುಟ್ಟಿ ಭಾರವಾದರೆ ಗಿರಾಕಿ ಕೊಳ್ಳುವುದನ್ನು ನಿಲ್ಲಿಸುತ್ತಾನೆಂದು ಬುಟ್ಟಿಗೆ ಚಕ್ರ ಹಾಕಿಸಿದ ಪುಣ್ಯಾತ್ಮ! ಮೊದಮೊದಲು ಜನ ಮುಟ್ಟಲಿಲ್ಲವಂತೆ. ದುಡ್ಡು ಕೊಟ್ಟು ಜನರನ್ನಿಟ್ಟು ತಳ್ಳಿಸಿದನಂತೆ. ನನ್ನನ್ನು ಕರೆದಿದ್ದರೆ ಪುಕ್ಕಟೆ ತಳ್ಳುತ್ತಿದ್ದೆ.

ತೊಗರಿಬೇಳೆ ಗಾಡಿಗೆ ಬಿದ್ದು ಆ ಸಾಲಿಗೆ ಗೀಟು ಎಳೆದೆನೋ, ಮೈಗೆ ಹುರುಪೇರುತ್ತದೆ. ಬೇಕೋ ಬೇಡವೋ ಅನ್ನುವ ಚರ್ಚೆಯನ್ನೆಲ್ಲ ಮನೆಯಲ್ಲೇ ಮುಗಿಸಿ ಬಂದಿದ್ದೇನಲ್ಲ, ಇಲ್ಲಿ ಉಳಿದದ್ದು ಕೈ ಚಾಚುವ ಕೆಲಸ. ಚಾಚಿದ ಕೈ ನಿಲ್ಲುವುದಿಲ್ಲ. ಒಂದು ಕೊಂಡರೆ ಒಂದು ಉಚಿತವೆಂದು ಫಿನಾಯಿಲ್ ಬಂತು. 99 ರೂಪಾಯಿಗೆ ದಾಳಿಂಬೆ ಬಿಡಿಸುವ ಸಾಧನ ಬಂತು. ನೂರಾಗಿದ್ದರೆ ಖಂಡಿತ ಯೋಚಿಸುತ್ತಿದ್ದೆ. (ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದೆ, ನೀವು ಹೇಳುವುದಿಲ್ಲ ಅಷ್ಟೇ.) ಹೀಗೆ ಕೊಂಡದ್ದನ್ನೆಲ್ಲ ಅಲ್ಲೇ ನಿಂತು ಚೀಟಿಯ ಕೆಳಗೆ ಸೇರಿಸಿ, ಕೂಡಲೇ ಗೀಟು ಎಳೆಯುತ್ತೇನೆ. ಚೀಟಿ ಮೀರಿದೆನೆಂದು ಯಾರೂ ಆಡಬಾರದು!

ಹೆಂಡತಿ ಬರೆಯುವುದೇ ಇಲ್ಲ. ಡಬ್ಬ ಅಲ್ಲಾಡಿಸಿ ಸದ್ದು ಕೇಳುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ. ಅವಳೇನೂ ಸಾಚಾ ಅಲ್ಲ. ಜೀರಿಗೆಗೆಂದು ಗಾಂಧಿ ಬಜಾರಿಗೆ ಹೋಗಿ ಸೀರೆ ತಂದವಳು. ಆದರೆ ಜೀರಿಗೆಯನ್ನೂ ತಂದಿದ್ದಳು, ಅದೇ ನನಗೆ ಸಹಿಸಲಾಗದ್ದು.

ಮೊನ್ನೆ ಚೀಲ ಬಿಚ್ಚಿದಳು. ಸಾಸಿವೆ ಪೊಟ್ಟಣ ತೆಗೆದು, ಬೀರುವಿನಿಂದ ಅದರ ಅಣ್ಣತಮ್ಮಂದಿರನ್ನೂ ತಂದು ಸಾಲಾಗಿ ನಿಲ್ಲಿಸಿದಳು. ಹೋದ ತಿಂಗಳ ಚೀಟಿಯನ್ನೇ ದುಂಡಗೆ ನಕಲು ಮಾಡಿದ್ದರ ಫಲ. ನಾನು ಮಾತು ತಪ್ಪಿಸಲು ದಾಳಿಂಬೆಯ ಸಾಧನವನ್ನು ಮುಂದಿಟ್ಟೆ.

"ಸರಿ, ದಾಳಿಂಬೆ ಎಲ್ಲಿ?"

ಜೇಬಿಗೆ ಕೈ ಹಾಕಿ ಪೆನ್ನು ತೆಗೆದೆ. ಅವಳು ಕಿತ್ತುಕೊಂಡಳು.