ಗಡಿಪಾರಾದ ಬಂಬ

ಹೊಸ ಬಚ್ಚಲಿಗೆ ಬಿಳಿ ಟೈಲ್ಸ್ ಕೂತ ದಿನವೇ ನಮ್ಮ ತಾಮ್ರದ ಬಂಬಕ್ಕೆ ಗಡಿಪಾರಿನ ಆದೇಶ ಹೊರಟಿತು. ಮೊದಲೇ ನಮ್ಮದು ಜತ್ತ ತಾಲೂಕಿನ ಸಂಖ, ಗಡಿಯ ಊರು. ಪಾರು ಮಾಡಲು ಹಿತ್ತಲೊಂದೇ ಉಳಿದಿತ್ತು.

"ಹೊಗಿ ಹತ್ತಿ ಟೈಲ್ಸ್ ಕರ್ರಗಾದ್ರ ನೀವ ತಿಕ್ಕಬೇಕ್ರಿ" ಎಂದಳು ಮನೆಯಾಕೆ.

"ಬಂಬ ಹಿತ್ತಲದಾಗ ಇಡೂಣು. ಬಿಸಿನೀರು ಪೈಪಿನಾಗ ತಾನ ಒಳಗ ಬರತೈತಿ" ಎಂದೆ.

"ಯಾಕ ಬರತೈತಿ?" ಎಂದಳು ಅವ್ವ. ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದ ನನಗೆ ಒಬ್ಬ ಹುಡುಗನೂ ಕೇಳದ ಪ್ರಶ್ನೆ.

ಬಂಬದ ಹೊಟ್ಟೆಯೊಳಗೆ ಬೆಂಕಿಯ ಕೊಳವೆ, ಅದರ ಸುತ್ತ ನೀರು. ಲಾಳಿಕೆಗೆ ಒಂದು ತಂಬಿಗೆ ತಣ್ಣೀರು ಸುರುವಿದರೆ ಅದು ತಳಕ್ಕಿಳಿದು, ಮೇಲೆ ನಿಂತ ಬಿಸಿನೀರನ್ನು ತೋಟಿಯಿಂದ ಹೊರಗೆ ದಬ್ಬುತ್ತದೆ. ತಂಬಿಗೆಯ ಬದಲು ಮಾಳಿಗೆ ಮೇಲಿನ ಟಾಕಿಯ ನೀರು ಬಿಟ್ಟರೆ ಮುಗಿಯಿತಲ್ಲ! ಖಡು ಹಿಡಿದು ಗೋಡೆಗೆ ಚಿತ್ರ ಬರೆದೆ. ಅವ್ವ ಅದನ್ನು ನೋಡಿ ಎಲೆ ಅಡಿಕೆ ಹಾಕಿಕೊಂಡಳು.

"ಗುರೂಜಿ, ಬಿಸಿನೀರಿಗೆ ಸಿಪಿವಿಸಿನ ಬೇಕ್ರಿ, ಸಾದಾ ಪೈಪ್ ನಡ್ಯಾಂಗಿಲ್ಲ" ಎಂದ ಪ್ಲಂಬರ್. 93 ಡಿಗ್ರಿ ತಾಳುವ ಪೈಪಿನ ದರ ನಾನು ತಾಳಲಿಲ್ಲ. ಬೋರ್‌ವೆಲ್ಲಿನಿಂದ ಉಳಿದಿದ್ದ ಪಿವಿಸಿ ತುಂಡುಗಳನ್ನೇ ಅಂಟಿಸಿ ಮೂವತ್ತು ಅಡಿ ಎಳೆದೆ.

ಛಟ್ಟಿ ಅಮಾವಾಸ್ಯೆ ಬಂತು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ವಿಜಯಪುರ ಕಡೆಯಿಂದ ಪಾದಯಾತ್ರೆ ಹೊರಟ ಬೀಗರು ಹನ್ನೊಂದು ಮಂದಿ, ನಸುಕಿನ ಚಳಿಯಲ್ಲಿ ಕಾಲು ಬಾವು ಬರಿಸಿಕೊಂಡು ನಮ್ಮ ಕಟ್ಟೆಗೆ ಕೂತರು. ಬಂಬಕ್ಕೆ ಅಕ್ಟೋಬರ್ ಚಾಟ್ನಿಯ ಕಡ್ಡಿ ತುಂಬಿದೆ. (ನಮ್ಮ ಕಡೆ ಚಾಟ್ನಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವುದಲ್ಲ, ದ್ರಾಕ್ಷಿ ಬಳ್ಳಿ ಕತ್ತರಿಸುವುದು.) ಕಡ್ಡಿ ಚಟಚಟ ಹತ್ತಿ ನೀರು ಮರಳತೊಡಗಿತು. ಬೀಗರ ಎದುರು ಟಾಕಿಯ ಕಾಕ್ ತಿರುವಿದೆ.

ಮೊದಲು ಪೈಪು ಮಾತಾಡಿತು. ಆಮೇಲೆ ನಡುವಿನಲ್ಲಿ ಹಸಿ ಸ್ಯಾವಿಗೆಯ ಹಾಗೆ ಜೋತುಬಿತ್ತು. ಒಳಗೆ ಹೋಗಲು ದಾರಿ ಕಾಣದ ನೀರು ಲಾಳಿಕೆಯಿಂದಲೇ ಉಕ್ಕಿ, ಬಂಬದ ಮೈಮೇಲೆ ಹರಿದು ಬೆಂಕಿ ಆರಿಸಿತು. ಹಬೆ, ಹೊಗೆ, ಬೂದಿ ಒಟ್ಟಿಗೇ ಎದ್ದವು. ಅವು ಇಳಿದಾಗ ಬೀಗರಿಗೆ ಕಂಡದ್ದು ಎರಡು ಕಣ್ಣು ಮತ್ತು ನನ್ನ ಕನ್ನಡಕ.

"ಮಾಸ್ತರ್, ಜಳಕ ನಮಗೋ ನಿಮಗೋ?" ಎಂದರು ದೊಡ್ಡ ಬೀಗರು.

ಅವ್ವ ಏನೂ ಅನ್ನಲಿಲ್ಲ. ಪೈಪು ಕಿತ್ತು ಬದಿಗೆಸೆದಳು, ಕುಳ್ಳು ಮುರಿದು ಹೊಸದಾಗಿ ಬೆಂಕಿ ಮಾಡಿದಳು. ಬಂಬದ ಪಕ್ಕ ಒಂದು ಹಾಸುಗಲ್ಲು, ಸುತ್ತ ನಾಲ್ಕು ಗೂಟ, ಗೂಟಕ್ಕೆ ಹಳೇ ಇಳಕಲ್ ಸೀರೆ. ಬಿಸಿನೀರು ಬಚ್ಚಲಿಗೆ ಹೋಗದಿದ್ದರೆ ಬಚ್ಚಲೇ ಬಿಸಿನೀರಿನ ಹತ್ತಿರ ಬಂತು. ಹನ್ನೊಂದೂ ಮಂದಿ ಹೊಗೆ ಕುಡಿಯುತ್ತ, ಹಾಯ್ ಎನ್ನುತ್ತ ಮಿಂದೆದ್ದರು.

ಸೀರೆಯ ಬಚ್ಚಲು ಇಂದಿಗೂ ಅಲ್ಲೇ ಇದೆ. ಬಿಳಿ ಟೈಲ್ಸಿನ ಬಚ್ಚಲಲ್ಲಿ ಕುಳ್ಳು ಒಟ್ಟಿದ್ದೇವೆ. ಒಂದು ಹನಿ ನೀರು ಸೋಕುವುದಿಲ್ಲ, ಬೆಣ್ಣೆಯ ಹಾಗೆ ಒಣಗಿರುತ್ತವೆ ಎನ್ನಲು ಹೋಗಿ, "ಬೆಣ್ಣಿ ಎಂದರ ಒಣಗತೈತೇನೋ?" ಎಂದು ಅವ್ವನಿಂದ ಮತ್ತೆ ಪಾಠ ಹೇಳಿಸಿಕೊಂಡೆ.