ಫ್ರೆಡ್–ಜಿಂಜರ್ ಜೋಡಿಯನ್ನು ಬಳಸುವ ವಿಧಾನ

ತಾವು ಕೈಗೆತ್ತಿಕೊಂಡಿರುವುದು ಹಾಲಿವುಡ್‌ನ ಫ್ರೆಡ್ ಅಸ್ಟೇರ್–ಜಿಂಜರ್ ರೋಜರ್ಸ್ ನೃತ್ಯಜೋಡಿ. ತಯಾರಿಕೆ: 1933ರಿಂದ 1939ರವರೆಗೆ ಆರ್‌ಕೆಓ ಸ್ಟುಡಿಯೊದಲ್ಲಿ ಒಂಬತ್ತು ಚಿತ್ರ, ಹತ್ತು ವರ್ಷ ಬಿಟ್ಟು ಎಂಜಿಎಂನಲ್ಲಿ ಇನ್ನೊಂದು. ಬಣ್ಣ: ಕೊನೆಯದನ್ನು ಬಿಟ್ಟರೆ ಕಪ್ಪು-ಬಿಳುಪು. ಗರಿ ಉದುರಿದರೆ ಗಾಬರಿ ಬೇಡ, ಅದು ದೋಷವಲ್ಲ. 'ಟಾಪ್ ಹ್ಯಾಟ್' ಚಿತ್ರೀಕರಣದಲ್ಲಿ ಜಿಂಜರ್ ಗೌನಿನ ಉಷ್ಟ್ರಪಕ್ಷಿ ಗರಿಗಳು ಕೋಟಿನ ಮೇಲೆಲ್ಲ ಉದುರಿ ಫ್ರೆಡ್‌ಗೇ ರೇಗಿತ್ತು.

ನೋಡುವ ಮುನ್ನ: ಮೊಬೈಲನ್ನು ಪಕ್ಕದ ಕೋಣೆಯಲ್ಲಿಡಿ. ಸಿದ್ಧಮಾತುಗಳನ್ನೂ ಅದರ ಜೊತೆಗೇ ಇಡಿ. ಮುಖ್ಯವಾಗಿ, ಅವನು ಕುಣಿದದ್ದನ್ನೆಲ್ಲ ಆಕೆ ಹಿಮ್ಮುಖವಾಗಿ, ಹೈಹೀಲ್ಸ್ ತೊಟ್ಟು ಕುಣಿದಳೆಂಬ ಆ ಮಾತು. ಅದು 1982ರಲ್ಲಿ ಬಾಬ್ ಥೇವ್ಸ್ ಬರೆದ ಕಾರ್ಟೂನಿನದು. ಸೊಗಸಾಗಿದೆ, ನ್ಯಾಯವೂ ಇದೆ. ಆದರೆ ಅದನ್ನು ಉರುಹೊಡೆದವರಲ್ಲಿ ಎಷ್ಟೋ ಜನ ಆಕೆ ಕುಣಿದದ್ದನ್ನು ನೋಡೇ ಇರುವುದಿಲ್ಲ.

ಬಳಕೆ: 'ಟಾಪ್ ಹ್ಯಾಟ್' (1935) ಹಾಕಿ. ಕಥೆ ಹಪ್ಪಳದಷ್ಟು ತೆಳು, ಆದರೂ ಓಡಿಸಬೇಡಿ; ಜಗಳ ಗೊತ್ತಿಲ್ಲದಿದ್ದರೆ ರಾಜಿಯ ರುಚಿ ಸಿಕ್ಕುವುದಿಲ್ಲ. ಮೇಲಿನ ಕೋಣೆಯಲ್ಲಿ ಟ್ಯಾಪ್ ಕುಟ್ಟಿ ನಿದ್ದೆ ಕೆಡಿಸಿದವನ ಮೇಲೆ ಆಕೆಗೆ ಸಿಟ್ಟು. ಲಂಡನ್ ಪಾರ್ಕು, ಜಡಿಮಳೆ, ಇಬ್ಬರೂ ಬ್ಯಾಂಡ್‌ಸ್ಟ್ಯಾಂಡಿನ ಸೂರಿನಡಿ. ಆಕೆ ತೊಟ್ಟಿರುವುದು ಕುದುರೆ ಸವಾರಿಯ ಪ್ಯಾಂಟು. ಅವನು ಹೆಜ್ಜೆ ಹಾಕುತ್ತಾನೆ. ಆಕೆ ಹಿಂದಿನಿಂದ ಅದನ್ನೇ ಅಣಕಿಸುತ್ತಾಳೆ. ಅಣಕ ಯಾವಾಗ ಕುಣಿತವಾಯಿತೋ ನಾಲ್ಕು ಸಲ ನೋಡಿದರೂ ನನಗೆ ಹಿಡಿಯಲಾಗಿಲ್ಲ. ಹೆಚ್ಚು ಹೊತ್ತು ಅಕ್ಕಪಕ್ಕದಲ್ಲೇ, ಸಮಸಮ. ಹಿಮ್ಮುಖವೂ ಇಲ್ಲ, ಗರಿಯೂ ಇಲ್ಲ. ಕೊನೆಗೆ ಕೂತು ಕೈಕುಲುಕುತ್ತಾರೆ, ವ್ಯವಹಾರ ಕುದುರಿದವರ ಹಾಗೆ. ಕುಣಿಯುವಾಗ ಕ್ಯಾಮೆರಾದಲ್ಲಿ ಮುಡಿಯಿಂದ ಅಡಿಯವರೆಗೆ ಮೈಯೆಲ್ಲ ಕಾಣಬೇಕು, ಸಂಕಲನದ ಕತ್ತರಿ ಕಡಿಮೆ ಆಡಬೇಕು ಎಂಬುದು ಫ್ರೆಡ್‌ನ ಹಟ. ರೀಲ್ಸಿಗೆ ಪಳಗಿದ ಕಣ್ಣಿಗೆ ಮೊದಲು ಕೊಂಚ ಚಡಪಡಿಕೆಯಾದೀತು.

ಎಚ್ಚರಿಕೆ: 'ಸ್ವಿಂಗ್ ಟೈಮ್'ನಲ್ಲಿ (1936) ಫ್ರೆಡ್ ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಾನೆ. ಕಪ್ಪು ನರ್ತಕ ಬಿಲ್ ರಾಬಿನ್ಸನ್‌ಗೆ ಸಲ್ಲಿಸಿದ ಗೌರವವೆಂಬ ಸಮಜಾಯಿಷಿ ಉಂಟು. ರಾಬಿನ್ಸನ್ ಆಗ ಹಾಲಿವುಡ್‌ನಲ್ಲೇ ಇದ್ದ, ಹಿಂದಿನ ವರ್ಷವಷ್ಟೇ ಬಾಲನಟಿ ಶರ್ಲಿ ಟೆಂಪಲ್ ಜೊತೆ ಮೆಟ್ಟಿಲ ಮೇಲೆ ಕುಣಿದಿದ್ದ, ಕರೆಯಬಹುದಿತ್ತು. ಅದೇ ಚಿತ್ರದ ಕೊನೆಯಲ್ಲಿ ಅಗಲಿಕೆಯ ಕುಣಿತವಿದೆ. 47 ಸಲ ತೆಗೆದರಂತೆ, ಜಿಂಜರ್ ಶೂ ಒಳಗೆ ರಕ್ತ ಒಸರಿತ್ತಂತೆ. ಎರಡೂ ಒಂದೇ ಡಬ್ಬಿಯಲ್ಲಿವೆ. ಬೇಕಾದ್ದನ್ನು ಮಾತ್ರ ಬಿಡಿಸಿಕೊಡುವ ವ್ಯವಸ್ಥೆ ಇಲ್ಲ.

ನಗು ಬಂದರೆ: ಜೆನೆಟ್ ಮ್ಯಾಕ್‌ಡೊನಾಲ್ಡ್–ನೆಲ್ಸನ್ ಎಡ್ಡಿ ಎಂಬ ಹಾಡುವ ಜೋಡಿಯ ಡಬ್ಬಿಯನ್ನು ತಪ್ಪಿ ತೆರೆದಿರಬಹುದು. ಕೆನಡಾದ ಕಾಡಿನಲ್ಲಿ ಸಮವಸ್ತ್ರದ ಪೊಲೀಸು ಎದೆಯುಬ್ಬಿಸಿ ಪ್ರೇಮಗೀತೆ ಹಾಡುವಾಗ ನನಗೂ ತಡೆಯಲಾಗುವುದಿಲ್ಲ.

ಧ್ವನಿ ಪರೀಕ್ಷೆ: ಜಿಂಜರ್ ಕಾಲಿನದೆಂದು ಕೇಳಿಸುವ ಟ್ಯಾಪ್ ಸದ್ದು ಎಷ್ಟೋ ಕಡೆ ಆಮೇಲೆ ಹರ್ಮಿಸ್ ಪ್ಯಾನ್ ಕುಟ್ಟಿ ಸೇರಿಸಿದ್ದು. ಈತ ಇವರ ನೃತ್ಯ ಸಂಯೋಜಕ. ತಾಲೀಮಿನಲ್ಲಿ ಫ್ರೆಡ್ ಎದುರು ಜಿಂಜರ್ ಆಗಿ ಕುಣಿದು, ಆ ಹೆಜ್ಜೆಗಳನ್ನು ಆಕೆಗೆ ಕಲಿಸಿದವನೂ ಅವನೇ. ಎಂದರೆ, ಮೊದಲು ಹಿಮ್ಮುಖವಾಗಿ ಕುಣಿದವನು ಅವನು. ಹೈಹೀಲ್ಸ್ ವಿಷಯದಲ್ಲಿ ಈ ಕೈಪಿಡಿ ಯಾವ ಖಾತರಿಯನ್ನೂ ಕೊಡುವುದಿಲ್ಲ.