ಡಿಸ್ಕು ಕಾಣದಿರುವಿಕೆ: ಒಂದು ಪ್ರೌಢ ಪ್ರಬಂಧ

ಹಳೆಯ ಫ್ರೀಬಿಎಸ್‌ಡಿ ಯಂತ್ರಕ್ಕೆ ಅಡಾಪ್ಟೆಕ್ 2940 ಸ್ಕಸಿ ಕಾರ್ಡು ಹಾಕಿ, ಡಿಸ್ಕು ಜೋಡಿಸಿ, ಗುಂಡಿ ಒತ್ತಿದ ಮೇಲೂ ಡಿಸ್ಕು ಏಕೆ ಕಾಣುವುದಿಲ್ಲ ಎಂಬುದೇ ಇಲ್ಲಿನ ಜಿಜ್ಞಾಸೆ. ಇಲ್ಲದ್ದು ಕಾಣದಿದ್ದರೆ ಅದು ಸಹಜ. ಕಾಸು ಕೊಟ್ಟು ತಂದು ಸ್ಕ್ರೂ ಬಿಗಿದದ್ದು ಕಾಣದಿದ್ದರೆ ಅಲ್ಲಿಂದ ವೇದಾಂತ ಶುರು.

1986ರಲ್ಲಿ ಆನ್ಸಿ ಸಂಸ್ಥೆ ಮುದ್ರೆಯೊತ್ತಿದ ಸ್ಕಸಿ ಶಾಸ್ತ್ರದ ಪ್ರಕಾರ ಬಸ್ಸಿನಲ್ಲಿ ಎಂಟು ಸ್ಥಾನ, 0ಯಿಂದ 7. ಕಾರ್ಡು ರೂಢಿಯಂತೆ 7ರಲ್ಲಿ ವಿರಾಜಮಾನ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ದೊಡ್ಡ ಸಂಖ್ಯೆಯವರಿಗೆ ಮೊದಲ ಮಾತು. ಇದು ಮಕ್ಕಳಿಗೂ ಅರ್ಥವಾಗಿಬಿಟ್ಟೀತೆಂಬ ಭಯದಿಂದಲೋ ಏನೋ, ಸ್ಥಾನಗಳು ಹದಿನಾರಾದಾಗ 15ನ್ನು 0ಯ ಕೆಳಗೆ ಕೂರಿಸಿದರು. 7ರಿಂದ 0ಗೆ ಇಳಿದು, 15ಕ್ಕೆ ನೆಗೆದು, 8ರಲ್ಲಿ ಮುಗಿಯುವ ಇಂಥ ಪಂಕ್ತಿ ಯಾವ ಮಠದ ಊಟದಲ್ಲೂ ಇಲ್ಲ.

ಡಿಸ್ಕು ಕಾಣದ್ದಕ್ಕೆ ಕಾರಣ ಹೇಳುವವರಲ್ಲಿ ಟರ್ಮಿನೇಟರ್ ವಾದಿಗಳು ಪ್ರಾಚೀನರು. ಕೇಬಲಿನ ಎರಡು ತುದಿಗೂ ಟರ್ಮಿನೇಟರ್ ಇರಬೇಕು, ನಡುವೆ ಕೂಡದು. ಇಲ್ಲದಿದ್ದರೆ ಸಂಕೇತ ತುದಿಗೆ ಬಡಿದು ವಾಪಸು ಬರುತ್ತದೆ. ಮಾತು ನಿಜವೇ. ಆದರೆ ಪೆಟ್ಟಿಗೆಯ ಒಳಗೊಂದು, ಹೊರಗೊಂದು ಕೇಬಲ್ ಹಾಕಿದೊಡನೆ ಕಾರ್ಡು ನಡುವಿನದ್ದಾಗುತ್ತದೆ, ಅದರ ಟರ್ಮಿನೇಷನ್ ತೆಗೆಯಬೇಕು ಎಂಬಲ್ಲಿ ಇವರಲ್ಲೇ ಅರ್ಧಕ್ಕರ್ಧ ಜನ ಎದ್ದು ಹೋಗುತ್ತಾರೆ.

ಕರ್ನಲ್ ವಾದಿಗಳದು ಮಿತವ್ಯಯದ ಪಂಥ. ಕಾನ್ಫಿಗರೇಷನ್ ಫೈಲಿನಲ್ಲಿ ಬೇಡವೆನಿಸಿದ ಸಾಲುಗಳನ್ನೆಲ್ಲ ಅಳಿಸುವುದು ಇವರ ನಿತ್ಯಕರ್ಮ. ಕಾರ್ಡಿನ ಡ್ರೈವರ್ ಎಎಚ್‌ಸಿ ಉಳಿಸಿ ಡಿಸ್ಕಿನ ಡ್ರೈವರ್ ಡಿಎ ಅಳಿಸಿದರೆ ಕಾರ್ಡು ಸಿಗುತ್ತದೆ, ಡಿಸ್ಕು ಸಿಗುವುದಿಲ್ಲ. "ನಮ್ಮಲ್ಲಿ ಸ್ಕಸಿಯೇ ಇಲ್ಲ" ಎಂದು ಎರಡನ್ನೂ ಅಳಿಸಿದವರಿಗೆ ಯುಎಸ್‌ಬಿ ಡಿಸ್ಕೂ ದಕ್ಕದು, ಏಕೆಂದರೆ ಅದೂ ಒಳಗೊಳಗೇ ಸ್ಕಸಿ ಕುಲದ್ದು. ಡಿಸ್ಕುಗಳು ಶಾಂತವಾಗಲೆಂದು ಕರ್ನಲ್ 15 ಸೆಕೆಂಡು ಕಾಯುತ್ತಿದ್ದ ಕಾಲವೊಂದಿತ್ತು. ಅದನ್ನು ಮುಂದೆ 5ಕ್ಕೆ ಇಳಿಸಿದ್ದನ್ನು ಸಂಪ್ರದಾಯಸ್ಥರು ಒಪ್ಪತಕ್ಕದ್ದಲ್ಲ.

ನಮ್ಮ ಸಿದ್ಧಾಂತ ಬೇರೆ: ಎಷ್ಟೋ ಸಲ ಡಿಸ್ಕು ಕಾಣುತ್ತಲೇ ಇರುತ್ತದೆ, ಹೆಸರು ಮಾತ್ರ ಬದಲಾಗಿರುತ್ತದೆ. 3ನೇ ಸ್ಥಾನದ ಡಿಸ್ಕು ಒಂಟಿಯಾಗಿದ್ದಾಗ ಡಿಎ0. ನಾಳೆ 1ನೇ ಸ್ಥಾನಕ್ಕೆ ಹೊಸ ಡಿಸ್ಕು ಬಂದರೆ ಆ ಪಟ್ಟ ಹೊಸಬನಿಗೆ, ಹಳಬ ಡಿಎ1. ಯಾವ ಪಾರ್ಟಿಷನ್ ಎಲ್ಲಿ ಸೇರಬೇಕೆಂದು ಬರೆದಿಟ್ಟ ಎಫ್‌ಎಸ್‌ಟ್ಯಾಬ್ ಫೈಲು ಮಾತ್ರ ಹಳೇ ಹೆಸರನ್ನೇ ಜಪಿಸುತ್ತಿರುತ್ತದೆ. ಬೂಟು ಅರ್ಧಕ್ಕೆ ನಿಂತು, ರೂಟ್ ಎಲ್ಲಿದೆ ಎಂದು ಯಂತ್ರ ನಿಮ್ಮನ್ನೇ ಕೇಳುತ್ತದೆ. ಡಿವೈಸ್ ಹಿಂಟ್ಸ್ ಫೈಲಿನಲ್ಲಿ ಸ್ಥಾನಕ್ಕೆ ಹೆಸರನ್ನು ಮೊದಲೇ ಕಟ್ಟಿಹಾಕಿದರೆ ಈ ಪ್ರಶ್ನೆ ಏಳದು. ಕಟ್ಟದವರು ತಮ್ಮ ರೂಟ್ ಪಾರ್ಟಿಷನ್ನಿನ ಹೆಸರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಎಫ್‌ಎಸ್‌ಟ್ಯಾಬ್ ತೆರೆದು ನೋಡೋಣವೆಂದರೆ ಆ ಹೊತ್ತಿಗೆ ಯಂತ್ರವೇ ಎದ್ದಿರುವುದಿಲ್ಲ.